ಅಂಬಾಸಿಡರ್ ಇಂಜಿನ್: ಇಳಿಸುವ ಮುಂಚೆ ರೋಗ ಹಿಡಿಯುವುದು, ಬಿಚ್ಚಿದ ಮೇಲೆ ಕಾರಣ ಹುಡುಕುವುದು

ಹೊಗೆ ಬರ್ತಿದೆ, ಆಯಿಲ್ ಕುಡೀತಿದೆ, ಪಿಕಪ್ ಇಲ್ಲ. ಹಳೇ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಇಷ್ಟೇ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಒಂದೇ: "ಇಂಜಿನ್ ಇಳಿಸ್ಬೇಕು ಸಾರ್, ಬೋರಿಂಗ್ ಮಾಡಿಸ್ಬಿಡಿ." ಬೋರಿಂಗ್ ಎಂದರೆ ಸವೆದ ಸಿಲಿಂಡರನ್ನು ಕೆತ್ತಿ ಅಗಲಿಸಿ ದೊಡ್ಡ ಪಿಸ್ಟನ್ ಹಾಕುವುದು. ಆ ಉತ್ತರ ಎಷ್ಟೋ ಸಲ ಸರಿಯೇ ಇರುತ್ತದೆ. ಆದರೆ ಇಂಜಿನ್ ಯಾಕೆ ಸವೆಯಿತು ಎಂದು ಯಾರೂ ಕೇಳದಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಜೋಡಿಸಿಟ್ಟ ಇಂಜಿನ್ ಓಡುವಾಗ ಕೊಡುವ ಸುಳಿವು ಕೆಲವಿವೆ. ಒಂದು ಸಲ ಹೆಡ್, ಅಂದರೆ ಇಂಜಿನ್ನಿನ ಮೇಲ್ಮುಚ್ಚಳ, ಎತ್ತಿದರೆ ಅವು ಮತ್ತೆ ಸಿಗುವುದಿಲ್ಲ. ಹಾಗಾಗಿ ಈ ಕೈಪಿಡಿಯ ಅರ್ಧ ಭಾಗ ಪಾನಾ ಹಿಡಿಯುವ ಮುಂಚಿನ ಕೆಲಸದ್ದು.

ನಾನು ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಇಂಜಿನ್ ಬಗ್ಗೆ. ಮಾರಿಸ್ ಆಕ್ಸ್‌ಫರ್ಡ್ ಜೊತೆ ಬಂದ ಬಿಎಂಸಿ ಬಿ-ಸೀರೀಸ್ ಅದು. 1990ರ ದಶಕದಲ್ಲಿ ಇಸುಝು 1800 ಬರುವವರೆಗೂ ಪೆಟ್ರೋಲ್ ಅಂಬಾಸಿಡರ್‌ಗೆ ಇದೇ ಆಧಾರ. ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 73.025 ಮಿ.ಮೀ., ಅಂದರೆ ಎರಡು ಮುಕ್ಕಾಲು ಇಂಚಿನ ಮೇಲೆ ಒಂದು ಎಂಟನೇ ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 88.9 ಮಿ.ಮೀ., ಸರಿಯಾಗಿ ಮೂರೂವರೆ ಇಂಚು. ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್‌ಗೆ ಮೂರೇ ಮೇನ್ ಬೇರಿಂಗ್. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನ್ನಿಗೂ ಪರೀಕ್ಷೆಯ ಕ್ರಮ ಹೆಚ್ಚುಕಡಿಮೆ ಇದೇ, ಅಳತೆಗಳು ಮಾತ್ರ ಬೇರೆ. ಅಳತೆಗಳನ್ನು ಕೆಳಗೆ ಥೌ ಲೆಕ್ಕದಲ್ಲಿ ಕೊಟ್ಟಿದ್ದೇನೆ. ಲೇತ್ ಅಂಗಡಿಗಳಲ್ಲಿ ನಡೆಯುವ ಲೆಕ್ಕ ಅದೇ. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು.

ಮೊದಲು ಡಿಪ್‌ಸ್ಟಿಕ್

ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಆಯಿಲ್ ಕಮ್ಮಿ ಇದ್ದರೆ ಅಚ್ಚರಿಯಿಲ್ಲ. ಮೇಲಿನ ಗುರುತು ದಾಟಿ ಏರಿದ್ದರೆ ಅಲ್ಲೇ ನಿಲ್ಲಿ. ಯಾರೂ ಸುರಿಯದೆ ಆಯಿಲ್ ಏರಬೇಕಾದರೆ ಒಳಗೆ ಪೆಟ್ರೋಲೋ ನೀರೋ ಸೇರುತ್ತಿರಬೇಕು. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಒಂದು ಹನಿಯನ್ನು ಹಳೇ ನ್ಯೂಸ್‌ಪೇಪರ್ ಮೇಲೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಒಳ್ಳೇ ಆಯಿಲ್ ನಿಧಾನವಾಗಿ ಹರಡುತ್ತದೆ. ಪೆಟ್ರೋಲ್ ಬೆರೆತದ್ದು ಬೇಗ ಹರಡಿ ಕಪ್ಪು ಚುಕ್ಕೆಯ ಸುತ್ತ ಅಗಲವಾದ ತೆಳು ಉಂಗುರ ಬಿಡುತ್ತದೆ, ವಾಸನೆಯೂ ಹೊಡೆಯುತ್ತದೆ.

ಇಂಜಿನ್ ಪಕ್ಕಕ್ಕೆ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇರುವ ಗಾಡಿಯಲ್ಲಿ ಇದಕ್ಕೆ ಮೊದಲ ಅನುಮಾನ ಪಂಪಿನ ಡಯಾಫ್ರಮ್ ಮೇಲೆ. ಅದು ಹರಿದರೆ ಪೆಟ್ರೋಲ್ ನೇರ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾಗುತ್ತದೆ, ಪ್ರೆಶರ್ ಬೀಳುತ್ತದೆ, ಹೊಗೆ ಬರುತ್ತದೆ, ವಾಲ್ವ್ ತೆರೆಯುವ ಟ್ಯಾಪೆಟ್ ಸದ್ದು ಮಾಡುತ್ತದೆ. ಸತ್ತ ಇಂಜಿನ್ನಿನ ಲಕ್ಷಣಗಳೆಲ್ಲ ಒಂದೇ ಸಲ ಕಾಣಿಸುತ್ತವೆ, ಕಾರಣ ಮಾತ್ರ ಅಂಗೈಯಗಲದ ರಬ್ಬರ್ ತುಂಡು. ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು ದೇಶದಲ್ಲಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಳೇ ರಬ್ಬರ್‌ಗೆ ಆ ಪೆಟ್ರೋಲ್ ಒಗ್ಗುವುದಿಲ್ಲ. ಡಯಾಫ್ರಮ್, ಪೆಟ್ರೋಲ್ ಪೈಪು, ಕಾರ್ಬುರೇಟರಿನ ಸೀಲು, ಎಲ್ಲವನ್ನೂ ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ. ಆಮೇಲೆ ಉಳಿಯುವ ದೂರೇ ನಿಜವಾದ ದೂರು.

ಆಯಿಲ್ ಬಿಳಿ ಹಾಲಿನಂತಾಗಿದ್ದರೆ ನೀರು. ಇಲ್ಲೂ ಒಂದು ಎಚ್ಚರ ಬೇಕು. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಮೈಲಿ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಲೇಪ ಕಂಡರೆ ಅದು ಬರೀ ತೇವ. ಒಂದು ದೂರದ ಓಟಕ್ಕೆ ಒಣಗಿ ಹೋಗುತ್ತದೆ. ಡಿಪ್‌ಸ್ಟಿಕ್ಕಿನ ತುದಿಯಲ್ಲೂ ಹಾಲು ಕಂಡು, ರೇಡಿಯೇಟರಿನಲ್ಲೂ ನೀರು ಇಳಿಯುತ್ತಿದ್ದರೆ ಮಾತ್ರ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕಿನ ಮಾತು.

ಹೊಗೆ ಯಾವಾಗ ಬರುತ್ತದೆ

ಬಣ್ಣ ಎಲ್ಲರಿಗೂ ಗೊತ್ತು: ನೀಲಿ ಆದರೆ ಆಯಿಲ್, ಕಪ್ಪು ಆದರೆ ಪೆಟ್ರೋಲ್ ಜಾಸ್ತಿ, ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ನೀರು. ಬಣ್ಣಕ್ಕಿಂತ ಹೆಚ್ಚು ಹೇಳುವುದು ಹೊಗೆಯ ಹೊತ್ತು.

ಚಾರ್ಮಾಡಿ ಘಾಟಿಯನ್ನು ಗೇರಿನಲ್ಲೇ ಇಳಿದು ಬನ್ನಿ. ಇಳಿಯುವಷ್ಟು ಹೊತ್ತೂ ಆಕ್ಸಿಲರೇಟರ್ ಬಿಟ್ಟಿರುತ್ತೀರಿ, ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಜೋರಾಗಿರುತ್ತದೆ. ವಾಲ್ವ್ ಗೈಡ್, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆ, ಸವೆದಿದ್ದರೆ ಆ ಎಳೆತಕ್ಕೆ ಮೇಲಿನ ಆಯಿಲ್ ಗೈಡಿನ ಸಂದಿಯಿಂದ ಒಳಗಿಳಿದು ಕೂರುತ್ತದೆ. ಕೆಳಗೆ ಸಮತಟ್ಟು ಸಿಕ್ಕಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಬಸ್ಸು ಕಾಣದಷ್ಟು ನೀಲಿ ಹೊಗೆ, ಸ್ವಲ್ಪ ಹೊತ್ತಿಗೆ ಸ್ವಚ್ಛ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ದಂಡು ಹೊಗೆ ಬಂದು ನಿಲ್ಲುವುದೂ ಇದೇ ಜಾತಿ. ಇವೆರಡಕ್ಕೂ ಹೆಡ್ ಕೆಲಸ ಸಾಕು, ಬೋರಿಂಗ್ ಬೇಡ. ಇದಕ್ಕೆ ತದ್ವಿರುದ್ಧವಾಗಿ, ಏರಿನಲ್ಲಿ ಭಾರ ಎಳೆಯುವಾಗ ಬಿಡದೆ ಹೊಗೆ ಬಂದು, ಒಳಗಿನ ಗ್ಯಾಸ್ ಹೊರಬಿಡುವ ಟ್ಯಾಪೆಟ್ ಕವರಿನ ಬ್ರೀದರ್ ಪೈಪಿನಿಂದಲೂ ಉಗಿಬಂಡಿಯಂತೆ ಹೊಗೆ ಹೊಡೆಯುತ್ತಿದ್ದರೆ ಪಿಸ್ಟನ್ ಸುತ್ತ ಕೂತು ಗ್ಯಾಸ್ ತಡೆಯುವ ರಿಂಗೂ ಬೋರೂ ಸವೆದಿವೆ.

ಈ ಇಂಜಿನ್ನಿನ ಕ್ರ್ಯಾಂಕಿನ ಹಿಂದೆ ರಬ್ಬರ್ ಆಯಿಲ್ ಸೀಲ್ ಇಲ್ಲ. ತಿರುಗುವಾಗ ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಕೊರೆತ ಇದೆ, ಅಷ್ಟೇ. ರಿಂಗ್ ದಾಟಿ ಬಂದ ಗ್ಯಾಸ್ ಒಳಗೆ ಒತ್ತಡ ಹೆಚ್ಚಿಸಿದರೆ, ಅಥವಾ ಬ್ರೀದರ್ ಕಟ್ಟಿಕೊಂಡರೆ, ಆ ಸುರುಳಿ ಸೋಲುತ್ತದೆ. ಆಯಿಲ್ ಕ್ಲಚ್ ಹೌಸಿಂಗಿನಿಂದ ತೊಟ್ಟಿಕ್ಕುತ್ತದೆ. "ಹಿಂದಿನ ಸೀಲ್ ಹೋಗಿದೆ" ಎಂದು ಗೇರ್‌ಬಾಕ್ಸ್ ಇಳಿಸುವ ಮುಂಚೆ ಬ್ರೀದರ್ ಪೈಪ್ ಬಿಚ್ಚಿ ಸ್ವಚ್ಛ ಮಾಡಿ ನೋಡಿ.

ಹ್ಯಾಂಡಲ್ ಮತ್ತು ಕಂಪ್ರೆಶನ್ ಗೇಜ್

ಅಂಬಾಸಿಡರಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಇರುವುದು ಪರೀಕ್ಷೆಗೆ ದೊಡ್ಡ ಅನುಕೂಲ. ಇಗ್ನಿಷನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ನಿಧಾನ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹ್ಯಾಂಡಲ್ ತಿರುಗಿ ಹೊಡೆದರೆ ಕೈ ಉಳಿಯುತ್ತದೆ. ಎರಡು ಸುತ್ತಿಗೆ ನಾಲ್ಕು ಸಲ ಗಟ್ಟಿ ತಡೆ ಸಿಗಬೇಕು. ಒಂದು ಕಡೆ ಸಡಿಲ ಅನಿಸಿದರೆ ಅಲ್ಲೇ ಒತ್ತಿ ಹಿಡಿದು ಕಿವಿಗೊಡಿ. ಕಾರ್ಬುರೇಟರಿನಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ಬಾಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಸುರಿಯುವ ಬಾಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಗೇಜ್ ಹಾಕುವಾಗ ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಆಕ್ಸಿಲರೇಟರ್ ಒತ್ತದೆ ತೆಗೆದ ಲೆಕ್ಕ ಲೆಕ್ಕವೇ ಅಲ್ಲ. ನಾಲ್ಕರಲ್ಲೂ ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯೇ ಇಲ್ಲಿ ತೆಳು, ಹಾಗಾಗಿ ಅದೇ ಇಂಜಿನ್ ಮಂಗಳೂರಿನಲ್ಲಿ ತೋರಿಸುವುದಕ್ಕಿಂತ ಹತ್ತಿರಹತ್ತಿರ ಹತ್ತನೇ ಒಂದು ಭಾಗ ಕಮ್ಮಿ ತೋರಿಸುತ್ತದೆ. ಪುಸ್ತಕದ ಅಂಕಿ ಹಿಡಿದು ಒಳ್ಳೇ ಇಂಜಿನ್ನಿಗೆ ಬೋರಿಂಗ್ ಬರೆದುಕೊಡಬೇಡಿ.

ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಅಂಕಿ ಜಿಗಿದು ಏರಿದರೆ ಸೋರುವುದು ರಿಂಗ್. ಹಾಗೇ ಇದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ.

ಬಿ-ಸೀರೀಸ್ ಹೆಡ್‌ಗೆ ಐದೇ ಬಾಯಿ. ಒಂದನೇ ಎರಡನೇ ಸಿಲಿಂಡರಿಗೆ ಸೇರಿ ಒಂದು ಇನ್‌ಲೆಟ್, ಮೂರನೇ ನಾಲ್ಕನೆಯದಕ್ಕೆ ಸೇರಿ ಇನ್ನೊಂದು, ಎಕ್ಸಾಸ್ಟಿಗೆ ಮೂರು. ಆದ್ದರಿಂದ ಅಕ್ಕಪಕ್ಕದ ಎರಡು ಸಿಲಿಂಡರು ಮಿಸ್ ಹೊಡೆಯುತ್ತಿದ್ದರೂ ಕಂಪ್ರೆಶನ್ ನಾಲ್ಕರಲ್ಲೂ ಸಮ ಇದ್ದರೆ, ತಪ್ಪು ಮ್ಯಾನಿಫೋಲ್ಡ್ ಪ್ಯಾಕಿಂಗಿನಲ್ಲಿದೆ. ಐಡ್ಲಿಂಗ್‌ನಲ್ಲಿ ಆ ಸಂದಿಗೆ ಸ್ವಲ್ಪ ಆಯಿಲ್ ಬಿಡಿ. ಇಂಜಿನ್ ಸದ್ದು ಬದಲಾದರೆ ಖಾತ್ರಿ. ಹೆಡ್ ಮುಟ್ಟುವ ಅಗತ್ಯವೇ ಇಲ್ಲ.

ಸದ್ದು

ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿ. ವಾಟರ್ ಪಂಪ್ ಬೇರಿಂಗ್, ಡೈನಮೊ, ಸಡಿಲವಾದ ಪುಲ್ಲಿ, ಇವು ಬೇರಿಂಗ್ ಸದ್ದಿನ ವೇಷ ಹಾಕುವುದರಲ್ಲಿ ನಿಸ್ಸೀಮ. ಸದ್ದು ಉಳಿದರೆ ಒಂದೊಂದೇ ಪ್ಲಗ್ಗಿನ ವೈರನ್ನು ಅರ್ಥ್ ಮಾಡಿ ಆ ಸಿಲಿಂಡರ್ ಕೆಲಸ ನಿಲ್ಲಿಸಿ. ಯಾವುದನ್ನು ನಿಲ್ಲಿಸಿದಾಗ ಕಟಕಟ ತಗ್ಗುತ್ತದೋ ಅದರ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಬೇರಿಂಗ್, ಸಡಿಲವಾಗಿದೆ. ಆಕ್ಸಿಲರೇಟರ್ ಬಿಡುವ ಗಳಿಗೆಯಲ್ಲಿ ಈ ಸದ್ದು ಚೆನ್ನಾಗಿ ಕೇಳುತ್ತದೆ. ಮೇನ್ ಬೇರಿಂಗಿನದು ಆಳದ ಧಡ್ ಧಡ್. ಭಾರ ಎಳೆಯುವಾಗ ಹೆಚ್ಚುತ್ತದೆ, ಒಂದು ಪ್ಲಗ್ ಕಿತ್ತರೆ ಅಷ್ಟಾಗಿ ಬದಲಾಗುವುದಿಲ್ಲ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದ ಮೇಲೆ ಅಡಗುವುದು ಪಿಸ್ಟನ್ ಸ್ಲ್ಯಾಪ್. ಅದರೊಂದಿಗೆ ಇನ್ನೂ ಎಷ್ಟೋ ಸಾವಿರ ಕಿಲೋಮೀಟರ್ ಬಾಳಬಹುದು. ಬಿಗ್ ಎಂಡ್ ಸದ್ದಿನೊಂದಿಗೆ ಊರು ದಾಟುವ ಸಾಹಸ ಬೇಡ. ರಾಡ್ ಮುರಿದರೆ ಬ್ಲಾಕ್ ತೂತಾಗುತ್ತದೆ.

ಆಯಿಲ್ ಪ್ರೆಶರ್

ಡ್ಯಾಶ್‌ಬೋರ್ಡಿನ ದೀಪ ಆರಿದೆ ಎಂದರೆ ಪ್ರೆಶರ್ ಸರಿಯಿದೆ ಎಂದಲ್ಲ, ಪೂರಾ ಸತ್ತಿಲ್ಲ ಎಂದಷ್ಟೇ. ಬೇರೆ ಮೆಕ್ಯಾನಿಕಲ್ ಗೇಜ್ ಕಟ್ಟಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಓಡುವಾಗ ಚದರ ಇಂಚಿಗೆ 50 ಪೌಂಡಿನ ಆಸುಪಾಸು, ಐಡ್ಲಿಂಗ್‌ನಲ್ಲಿ 15ರಿಂದ 25 ಇದ್ದರೆ ಚಿಂತೆಯಿಲ್ಲ. ತಣ್ಣಗಿದ್ದಾಗ ಸರಿಯಿದ್ದು ಬಿಸಿಗೆ ಬಿದ್ದುಹೋದರೆ ಬೇರಿಂಗ್ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗಲೂ ಇಲ್ಲದಿದ್ದರೆ ರಿಲೀಫ್ ವಾಲ್ವ್ ನೋಡಿ. ಬ್ಲಾಕಿನ ಎಡ ಹಿಂಬದಿಯಲ್ಲಿ ಗುಮ್ಮಟದಂಥ ನಟ್ಟಿನ ಕೆಳಗಿದೆ. ಸೀಟಿನ ಮೇಲೆ ಒಂದು ಕಸದ ಚೂರು ಸಿಕ್ಕಿಕೊಂಡರೂ ಆಯಿಲ್ ಹಿಂದಕ್ಕೆ ಹರಿದು ಪ್ರೆಶರ್ ನಿಲ್ಲುವುದಿಲ್ಲ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಹಲವರು ಇಲ್ಲಿ ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಗೇಜಿನ ಮುಳ್ಳು ಏರಿಸುತ್ತಾರೆ. ಸವೆದ ಬೇರಿಂಗನ್ನು ಅದು ಉಳಿಸುವುದಿಲ್ಲ, ಮುಚ್ಚಿಡುತ್ತದೆ.

ಬಿಚ್ಚುವಾಗ

ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೆ ಇಂಜಿನ್ ಇಳಿಸಲೇಬೇಕು ಅಂತಾದರೆ, ಇಂಚಿನ ಪಾನಾ ಸೆಟ್ ಹೊಂದಿಸಿಕೊಳ್ಳಿ. ಅರ್ಧ ಇಂಚು ಅಂದರೆ 12.7 ಮಿ.ಮೀ. 13ರ ಪಾನಾ ಕೂರುತ್ತದೆ, ಬಿಗಿ ಇರುವ ನಟ್ಟಿನ ಮೂಲೆಯನ್ನೂ ಉಜ್ಜಿ ಹಾಕುತ್ತದೆ.

ರಾಕರ್ ಶಾಫ್ಟ್ ತೆಗೆಯುವಾಗ ಒಂದು ವಿಷಯ ನೆನಪಿಡಿ. ರಾಕರ್ ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್‌ನ ನಟ್ಟುಗಳೂ ಹೌದು. ಹೆಡ್‌ಗೆ ಒಟ್ಟು ಹನ್ನೊಂದು ನಟ್ಟು. ನೀರು ಖಾಲಿ ಮಾಡಿ, ಹನ್ನೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು. ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆ ಎದ್ದು ಡೊಂಕಾಗುತ್ತದೆ, ಗ್ಯಾಸ್ಕೆಟ್‌ನಲ್ಲಿ ನೀರು ನುಗ್ಗುತ್ತದೆ.

ಪುಶ್ ರಾಡ್, ಟ್ಯಾಪೆಟ್, ವಾಲ್ವ್, ಬೇರಿಂಗ್ ಕ್ಯಾಪ್, ಯಾವುದು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಗುವಂತೆ ನಂಬರ್ ಹಾಕಿ. ರಟ್ಟಿಗೆ ಎಂಟು ತೂತು ಮಾಡಿ ಪುಶ್ ರಾಡ್ ಸಿಕ್ಕಿಸಿಟ್ಟರೆ ಸಾಕು. ಕನೆಕ್ಟಿಂಗ್ ರಾಡಿನ ಕೆಳತುದಿ ಇಲ್ಲಿ ಓರೆಯಾಗಿ ಸೀಳಿದ್ದು, ನಡುವಿನಿಂದ ಪಕ್ಕಕ್ಕೆ ಸರಿದೂ ಇರುತ್ತದೆ. ಅದಲುಬದಲಾದರೆ ಕೂರುವುದಿಲ್ಲ. ಪಿಸ್ಟನ್ ಮೇಲಿನಿಂದಲೇ ಬರುತ್ತದೆ, ಆದರೆ ಬೋರಿನ ತುದಿಯಲ್ಲಿ ಎದ್ದಿರುವ ಅಂಚನ್ನು ಮೊದಲು ತೆಗೆಯಿರಿ.

ಪಿಸ್ಟನ್ ಕೂರುವ ಗಜನ್ ಪಿನ್ನನ್ನು ರಾಡಿಗೆ ಕಚ್ಚಿ ಹಿಡಿಯುವುದು ಒಂದು ಪಿಂಚ್ ಬೋಲ್ಟ್. ಅದನ್ನು ಬಿಚ್ಚುವಾಗ ರಾಡನ್ನು ವೈಸಿನಲ್ಲಿ ಹಿಡಿದು ತಿರುಚುವುದು ಎಲ್ಲ ಕಡೆ ನಡೆಯುತ್ತದೆ. ರಾಡ್ ಬಾಗುವುದು ಆಗಲೇ. ಪಿನ್ನಿನ ಎರಡು ತುದಿಗೂ ಒಳಗೆ ಕೂರುವ ಗುಂಡು ತುಂಡು ಕೊಟ್ಟು, ಪಿನ್ನನ್ನೇ ವೈಸಿನಲ್ಲಿ ಹಿಡಿದು ಬೋಲ್ಟ್ ಸಡಿಲಿಸಿ.

ಸವೆತವನ್ನು ಓದುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಗೆ ಎಸೆಯುವ ಮುಂಚೆ ಬೆಳಕಿನಲ್ಲಿ ಹಿಡಿದು ನೋಡಿ. ತೊಳೆದ ಮೇಲೆ ಅರ್ಧ ಸುಳಿವು ಹೋಗಿರುತ್ತದೆ.

ಬಿಗ್ ಎಂಡ್ ಬೇರಿಂಗಿನಲ್ಲಿ ಮೇಲಿನ ಅರ್ಧ ಹೆಚ್ಚು ಸವೆಯುವುದು ಸಹಜ, ಸ್ಫೋಟದ ಒತ್ತಡ ಬೀಳುವುದು ಅದರ ಮೇಲೆ. ಮೇನ್ ಬೇರಿಂಗಿನಲ್ಲಿ ಕೆಳಗಿನ ಅರ್ಧ. ಮೂರು ಮೇನ್ ಬೇರಿಂಗುಗಳಲ್ಲಿ ನಡುವಿನದಕ್ಕೆ ಕಷ್ಟ ಜಾಸ್ತಿ, ಎರಡನೇ ಮತ್ತು ಮೂರನೇ ಪಿಸ್ಟನ್ನು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಎಳೆತವೆಲ್ಲ ಅದರ ಮೇಲೆ. ಈ ಸಹಜ ಲೆಕ್ಕವನ್ನು ಮೀರಿದ್ದು ಏನಿದೆ ಎಂದು ಹುಡುಕಿ. ಉದ್ದಕ್ಕೂ ಸಣ್ಣ ಗೀರು, ಲೋಹದಲ್ಲಿ ಹೂತ ಕಣ ಕಂಡರೆ ಆಯಿಲಿನಲ್ಲಿ ದೂಳು ಸೇರಿದೆ: ಫಿಲ್ಟರ್ ಬದಲಿಸಿಲ್ಲ, ಅಥವಾ ಏರ್ ಕ್ಲೀನರ್ ಕೆಲಸ ಮಾಡಿಲ್ಲ. ಬೇರಿಂಗ್ ಕರಗಿ ಹರಡಿ, ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ನೀಲಿಯಾಗಿದ್ದರೆ ಆಯಿಲೇ ತಲುಪಿಲ್ಲ: ಪಂಪ್, ಪಂಪಿನ ಜರಡಿ, ಕಟ್ಟಿಕೊಂಡ ಆಯಿಲ್ ದಾರಿ. ಬೇರಿಂಗಿನ ಒಂದು ಅಂಚು ಮಾತ್ರ ತಾಮ್ರ ತೋರಿಸುತ್ತಿದ್ದು ಅದೇ ಪಿಸ್ಟನ್ನಿನ ಮೇಲೆ ಕರ್ಣರೇಖೆಯಂತೆ ಓರೆ ಸವೆತ ಇದ್ದರೆ ರಾಡ್ ಬಾಗಿದೆ. ಅದನ್ನು ನೇರ ಮಾಡದೆ ಹೊಸ ಬೇರಿಂಗ್ ಹಾಕುವುದು ದುಡ್ಡಿಗೆ ದಂಡ.

ಬೋರ್ ಯಾವಾಗಲೂ ಮೇಲಿನ ರಿಂಗ್ ನಿಲ್ಲುವ ಜಾಗದಲ್ಲೇ ಹೆಚ್ಚು ಸವೆಯುತ್ತದೆ. ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಉದ್ದಕ್ಕೊಂದು ಅಡ್ಡಕ್ಕೊಂದು ಅಳತೆ ತೆಗೆಯಬೇಕು. ಬೋರ್ ಗೇಜ್ ಇಲ್ಲದವರಿಗೆ ಒಂದು ದಾರಿಯಿದೆ. ಒಂದು ರಿಂಗನ್ನು ತಲೆಕೆಳಗಾದ ಪಿಸ್ಟನ್ನಿನಿಂದ ತಳ್ಳಿ ಬೋರಿನ ಕೆಳಭಾಗದಲ್ಲಿ ಚೌಕವಾಗಿ ಕೂರಿಸಿ, ಫೀಲರ್ ಗೇಜಿನಿಂದ ಬಾಯಿಯ ಸಂದು ಅಳೆಯಿರಿ. ಹಾಗೇ ಮೇಲಿನ ಅಂಚಿನ ಸ್ವಲ್ಪ ಕೆಳಗೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರಿನ ವ್ಯಾಸದ ವ್ಯತ್ಯಾಸ ಸಿಗುತ್ತದೆ. ಕೆಳಗೆ 12 ಥೌ, ಮೇಲೆ 37 ಥೌ ಬಂದರೆ ವ್ಯತ್ಯಾಸ 25, ಅಂದರೆ ಬೋರ್ ಮೇಲುಗಡೆ ಸುಮಾರು 8 ಥೌ ಅಗಲವಾಗಿದೆ. ಆರರಿಂದ ಎಂಟು ಥೌ ದಾಟಿದ ಬೋರಿಗೆ ಹೊಸ ರಿಂಗ್ ಮಾತ್ರ ಹಾಕುವುದನ್ನು ನಾನು ಒಪ್ಪುವುದಿಲ್ಲ. ರಿಂಗ್ ಪ್ರತಿ ಸುತ್ತಿಗೂ ತೆರೆದು ಮುಚ್ಚಿ ದಣಿಯುತ್ತದೆ, ಹೊಗೆ ಬೇಗ ವಾಪಸ್ ಬರುತ್ತದೆ.

ನಾಲ್ಕೂ ಬೋರ್ ಸಮನಾಗಿ ಸವೆದು, ಮೇಲಿನ ರಿಂಗ್ ಮಂಕು ಬೂದಿ ಬಣ್ಣ ತಿರುಗಿದ್ದರೆ ದೂಳು. ಕಾರ್ಬುರೇಟರಿನಿಂದ ಏರ್ ಕ್ಲೀನರ್‌ವರೆಗಿನ ಪೈಪಿನ ಒಳಗೆ ಬೆರಳು ಹಾಕಿ ನೋಡಿ, ಕೆಂಪು ಮಣ್ಣು ಅಂಟಿದರೆ ಕಾರಣ ಸಿಕ್ಕಿತು. ತಣ್ಣಗೇ ಓಡಿದ ಇಂಜಿನ್ ಇನ್ನೊಂದು ಬಗೆ. "ಹೀಟ್ ಆಗ್ಬಾರ್ದು" ಎಂದು ಥರ್ಮೋಸ್ಟ್ಯಾಟ್ ಕಿತ್ತು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಇಂಜಿನ್ ಬಿಸಿಯೇರಲು ಹೊತ್ತು ಹಿಡಿದಷ್ಟೂ ಚೋಕ್ ಎಳೆದಿರುತ್ತದೆ, ಹಸಿ ಪೆಟ್ರೋಲ್ ಬೋರಿನ ಆಯಿಲನ್ನು ತೊಳೆಯುತ್ತದೆ, ಒಳಗೆ ಕಪ್ಪು ಗೊಜ್ಜು ಕಟ್ಟುತ್ತದೆ. ಥರ್ಮೋಸ್ಟ್ಯಾಟ್ ವಾಪಸ್ ಹಾಕಿ. ಹೀಟ್ ಆಗುತ್ತಿದ್ದರೆ ಅದರ ಕಾರಣ ಸಾಮಾನ್ಯವಾಗಿ ಬ್ಲಾಕಿನ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರಿನ ಸುತ್ತ ಗಟ್ಟಿಯಾಗಿ ಕೂತ ತುಕ್ಕಿನ ಕೆಸರು. ಬ್ಲಾಕಿನ ಪಕ್ಕದ ಕೋರ್ ಪ್ಲಗ್ ಎಂಬ ತಗಡಿನ ಬಿರಡೆ ತೆಗೆದು ತಂತಿಯಲ್ಲಿ ಕೆದಕಿದರೇ ಅದು ಬರುವುದು.

ಹೆಡ್‌ನಲ್ಲಿ ಎಕ್ಸಾಸ್ಟ್ ಸೀಟುಗಳನ್ನು ನೋಡಿ. ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದ ಫೆಬ್ರವರಿಗೆ ನಿಂತಿತು. ಅದಕ್ಕೂ ಮುಂಚಿನ ಕಬ್ಬಿಣದ ಹೆಡ್‌ಗಳ ಸೀಟು ಆ ಸೀಸದ ಲೇಪವನ್ನೇ ನಂಬಿ ಬದುಕಿದ್ದವು. ಈಗ ದೂರದ ಓಟದಲ್ಲಿ ಸೀಟು ತಗ್ಗುತ್ತದೆ, ವಾಲ್ವ್ ಒಳಕ್ಕೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗ್ಯಾಪ್ ಇಲ್ಲದ ವಾಲ್ವ್ ಸುಡುತ್ತದೆ. ಪ್ರತಿ ಸಲ ಎಕ್ಸಾಸ್ಟ್ ಗ್ಯಾಪ್ ಕಮ್ಮಿಯಾಗಿಯೇ ಸಿಗುತ್ತಿತ್ತು ಎಂದು ನಿಮ್ಮ ಹಳೇ ಟಿಪ್ಪಣಿಯಲ್ಲಿದ್ದರೆ ಬರೀ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು) ಸಾಲದು, ಎಕ್ಸಾಸ್ಟಿಗೆ ಗಟ್ಟಿ ಸೀಟ್ ರಿಂಗ್ ಕೂರಿಸಿ.

ಲೇತ್ ಅಂಗಡಿ

ಪಿಸ್ಟನ್ ಮೊದಲು, ಬೋರಿಂಗ್ ಆಮೇಲೆ. ಕೈಯಲ್ಲಿರುವ ಪಿಸ್ಟನ್ ಅಳೆದು ಅದಕ್ಕೆ ಬೋರ್ ಮಾಡಬೇಕು. ಓವರ್‌ಸೈಜ್ ಪಿಸ್ಟನ್ 10, 20, 30, 40 ಥೌಗಳಲ್ಲಿ ಬರುತ್ತದೆ, ಕ್ರ್ಯಾಂಕ್ ಬೇರಿಂಗಿನ ಅಂಡರ್‌ಸೈಜೂ ಹಾಗೆಯೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಬೇಕಾದ ಸೈಜು ಸಿಗದೆ ಹೋಗಬಹುದು. ಹಾಗಾಗಿ ಸಾಮಾನು ಕೈಗೆ ಬರದೆ ಲೋಹ ಕೆತ್ತಿಸಬೇಡಿ. 40 ದಾಟಿದ್ದರೆ ಸ್ಲೀವ್, ಅಂದರೆ ಒಳಕೊಳವೆ, ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ ತರಬಹುದು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವರಿಗೆ ಜರ್ನಲ್ಲಿನ ಮೂಲೆಯ ದುಂಡನ್ನು ಉಳಿಸಲು ಹೇಳಿ, ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ವಾಪಸ್ ಬಂದ ಕ್ರ್ಯಾಂಕಿನ ಆಯಿಲ್ ತೂತುಗಳಲ್ಲಿ ಗ್ರೈಂಡಿಂಗ್ ಪುಡಿ ಇದ್ದೇ ಇರುತ್ತದೆ. ಸಣ್ಣ ಬ್ರಶ್ ಹಾಕಿ ಉಜ್ಜಿ, ಗಾಳಿ ಹೊಡೆದು, ಮತ್ತೆ ಉಜ್ಜಿ. ಬೋರನ್ನು ಪೆಟ್ರೋಲಿನಲ್ಲಿ ಒರೆಸಿದರೆ ಬೋರನ್ನು ಕೊನೆಗೆ ಉಜ್ಜಿದ ಹೋನಿಂಗ್ ಕಲ್ಲಿನ ಪುಡಿ ಗೀರುಗಳೊಳಗೇ ಕೂರುತ್ತದೆ. ಬಿಸಿನೀರು, ಸೋಪಿನಪುಡಿ, ಬ್ರಶ್ ಹಿಡಿದು ತಿಕ್ಕಿ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದಾಗ ಬೂದು ಬಣ್ಣ ಬರುವುದು ನಿಲ್ಲುವವರೆಗೆ ಬಿಡಬೇಡಿ. ಕೊನೆಯ ಒರೆಸುವಿಕೆಗೆ ಬನಿಯನ್ ವೇಸ್ಟ್ ಬೇಡ, ಅದರ ನೂಲು ಆಯಿಲ್ ದಾರಿಯಲ್ಲಿ ಉಳಿಯುತ್ತದೆ.

ಜೋಡಣೆ

ಕ್ರ್ಯಾಂಕಿನ ಅತ್ತಿತ್ತ ಸರಿದಾಟ ತಡೆಯುವ ಅರ್ಧಚಂದ್ರ ವಾಷರ್‌ಗಳು ನಡುವಿನ ಮೇನ್ ಬೇರಿಂಗಿನಲ್ಲಿ ಕೂರುತ್ತವೆ. ಆಯಿಲ್ ಗೆರೆ ಇರುವ ಮುಖ ಬೇರಿಂಗಿನಿಂದ ಹೊರಗೆ, ಕ್ರ್ಯಾಂಕಿನ ಕಡೆಗೆ. ಉಲ್ಟಾ ಹಾಕಿದರೆ ಕ್ಲಚ್ ಒತ್ತಿದಾಗೆಲ್ಲ ಕ್ರ್ಯಾಂಕ್ ಅದನ್ನು ತಿನ್ನುತ್ತದೆ. ಒಂದೊಂದು ಕ್ಯಾಪ್ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದಾಗಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಯಾವ ಕ್ಯಾಪಿಗೆ ಹಿಡಿಯಿತೋ ತಪ್ಪು ಅಲ್ಲೇ. ಎಲ್ಲ ಮುಗಿಸಿ "ಇಂಜಿನ್ ಟೈಟಾಗಿದೆ, ಲಾರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡೋಣ" ಎನ್ನುವುದನ್ನು ಒಪ್ಪಬೇಡಿ. ಪ್ಲಗ್ ಇಲ್ಲದೆ ಹ್ಯಾಂಡಲ್ಲಿಗೆ ತಿರುಗದ ಇಂಜಿನ್ನಿನಲ್ಲಿ ಏನೋ ತಪ್ಪಿದೆ.

ರಿಂಗ್ ಬಾಯಿಯ ಸಂದು 8ರಿಂದ 13 ಥೌ ಒಳಗಿರಲಿ, ಪ್ರತಿ ರಿಂಗನ್ನೂ ಅದರದೇ ಬೋರಿನಲ್ಲಿಟ್ಟು ಅಳೆಯಿರಿ. ಟೈಮಿಂಗ್ ಗೇರುಗಳ ಮೇಲಿನ ಎರಡು ಚುಕ್ಕೆ ಮುಖಾಮುಖಿ ನಿಲ್ಲಬೇಕು. ಹೊಸ ಕ್ಯಾಮ್ ಶಾಫ್ಟಿಗೆ ಹಳೇ ಟ್ಯಾಪೆಟ್ ಹಾಕಬೇಡಿ.

ಟ್ಯಾಪೆಟ್ ಗ್ಯಾಪ್ ಬಿಸಿ ಇಂಜಿನ್ನಿನಲ್ಲಿ 15 ಥೌ. ಮುಂದಿನಿಂದ ಹಿಂದಕ್ಕೆ ವಾಲ್ವುಗಳಿಗೆ 1ರಿಂದ 8 ನಂಬರ್ ಕೊಟ್ಟು ಒಂಬತ್ತರ ಲೆಕ್ಕ ಹಿಡಿಯಿರಿ: 8 ಪೂರ್ತಿ ತೆರೆದಾಗ 1, 6 ತೆರೆದಾಗ 3, 4 ತೆರೆದಾಗ 5, ಹೀಗೆ ಎರಡೂ ಕೂಡಿಸಿದರೆ 9 ಬರಬೇಕು. ರಾಕರ್ ತುದಿಯಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಆ ಗುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಹೇಳುತ್ತದೆ. ಅಂಥ ರಾಕರನ್ನು ಮೊದಲು ಸಮ ಮಾಡಿಸಿ.

ಮೊದಲ ಸ್ಟಾರ್ಟು, ಆಮೇಲಿನ ದೂರುಗಳು

ಪ್ಲಗ್ ಹಾಕದೆ, ಗೇಜಿನಲ್ಲಿ ಪ್ರೆಶರ್ ಕಾಣುವವರೆಗೆ ಸೆಲ್ಫ್‌ನಲ್ಲೋ ಹ್ಯಾಂಡಲ್ಲಿನಲ್ಲೋ ತಿರುಗಿಸಿ. ಪ್ರೆಶರ್ ಬಾರದೆ ಸ್ಟಾರ್ಟ್ ಮಾಡಬೇಡಿ. ಕ್ಯಾಮ್ ಹೊಸದಾಗಿದ್ದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಸುತ್ತ ಇಪ್ಪತ್ತು ನಿಮಿಷ ಓಡಲಿ. ಕ್ಯಾಮಿಗೆ ಆಯಿಲ್ ಚಿಮ್ಮುವುದು ಆ ವೇಗದಲ್ಲಿ. ರಾತ್ರಿಯಿಡೀ ಐಡ್ಲಿಂಗ್‌ನಲ್ಲಿ ಬಿಟ್ಟು "ರನ್ನಿಂಗ್ ಇನ್" ಮಾಡುವ ಪದ್ಧತಿ ಹೊಸ ಬೋರಿಗೆ ಕೇಡು. ಭಾರವಿಲ್ಲದೆ ರಿಂಗ್ ಬೋರಿಗೆ ಒತ್ತಿ ಕೂರುವುದಿಲ್ಲ, ಗೋಡೆ ಗಾಜಿನಂತೆ ನುಣುಪಾಗುತ್ತದೆ. ಗಾಡಿಯನ್ನು ರಸ್ತೆಗೆ ತಂದು ಹದವಾಗಿ ಎಳೆಸಿ, ಬಿಡಿ, ಮತ್ತೆ ಎಳೆಸಿ. ಎಥನಾಲ್ ಪೆಟ್ರೋಲಿಗೆ ಮಿಶ್ರಣ ತೆಳುವಾಗುವುದರಿಂದ ಎಸ್‌ಯು ಕಾರ್ಬುರೇಟರಿನ ಜೆಟ್ ನಟ್ಟನ್ನು ಸ್ವಲ್ಪ ಇಳಿಸಬೇಕಾಗಬಹುದು. ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸಿ.

ಮೊದಲ ಕೆಲವು ನೂರು ಕಿಲೋಮೀಟರ್ ಸ್ವಲ್ಪ ನೀಲಿ ಹೊಗೆ ಸಹಜ. ಸಾವಿರ ದಾಟಿದ ಮೇಲೂ ಬಂದರೆ ಎರಡನೇ ರಿಂಗನ್ನು ತಲೆಕೆಳಗಾಗಿ ಹಾಕಿರಬಹುದು, ಬೋರ್ ನುಣುಪಾಗಿರಬಹುದು, ಅಥವಾ ಗೈಡ್ ಮುಟ್ಟದೆ ಬಿಟ್ಟಿರಬಹುದು. ಘಾಟಿ ಪರೀಕ್ಷೆ ಇಲ್ಲೂ ಬೇರ್ಪಡಿಸಿ ಹೇಳುತ್ತದೆ. ಹೊಸ ಇಂಜಿನ್ ಸ್ವಲ್ಪ ಬಿಸಿ ಓಡುತ್ತದೆ. ಕುದಿಯುತ್ತಿದ್ದರೆ ಇಗ್ನಿಷನ್ ಟೈಮಿಂಗ್ ತಡವಾಗಿದೆಯೇ, ಹೆಡ್ ಗ್ಯಾಸ್ಕೆಟ್ ಉಲ್ಟಾ ಕೂತು ನೀರಿನ ತೂತು ಮುಚ್ಚಿದೆಯೇ ನೋಡಿ. ಹೊಸ ಬೇರಿಂಗಿಗೂ ಪ್ರೆಶರ್ ಕಮ್ಮಿ ಇದ್ದರೆ ಕ್ರ್ಯಾಂಕ್ 20 ಥೌ ಕೆತ್ತಿಸಿ 10ರ ಬೇರಿಂಗ್ ಹಾಕಿದ್ದಾರೆಯೇ ಎಂದು ಬೇರಿಂಗಿನ ಹಿಂಬದಿಯ ಮುದ್ರೆ ಓದಿ.

ಐನೂರು ಕಿಲೋಮೀಟರಿಗೆ ಇಂಜಿನ್ ತಣ್ಣಗಿದ್ದಾಗ ಹೆಡ್ ನಟ್ಟುಗಳನ್ನು ಕ್ರಮದಲ್ಲಿ ಮತ್ತೆ ಟಾರ್ಕ್ ಮಾಡಿ, ಟ್ಯಾಪೆಟ್ ಗ್ಯಾಪ್ ಹೊಸದಾಗಿ ಹಿಡಿದು, 20ಡಬ್ಲ್ಯೂ-50 ಆಯಿಲ್ ಬದಲಿಸಿ. ತೆಗೆದ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಹತ್ತುವ ಸಣ್ಣ ಪುಡಿ ರಿಂಗ್ ಕೂರುವಾಗ ಬಂದದ್ದು, ಬಿಡಿ. ಅಯಸ್ಕಾಂತಕ್ಕೆ ಹತ್ತದ, ಹೊಳೆಯುವ ಚಕ್ಕೆ ಸಿಕ್ಕರೆ ಅದು ಬೇರಿಂಗಿನದು. ಗಾಡಿ ನಿಲ್ಲಿಸಿ ಚೇಂಬರ್ ಇಳಿಸಿ.